ಶಾಲೆಯಲ್ಲಿ ಮಗುವಿನ ಇನ್‌ಹೇಲರ್ ಯಾರ ಕೈಯಲ್ಲಿರಬೇಕು?

ಬಿಜೈಯ ತಾಯಿ

ನನ್ನ ಮಗಳು ಎರಡನೇ ತರಗತಿ. ಚಿಕ್ಕಂದಿನಿಂದ ವೀಸಿಂಗ್ (ಉಸಿರಾಡುವಾಗ ಸುಯ್ ಎನ್ನುವ ಶಬ್ದ) ಇತ್ತು, ಈಗ ಡಾಕ್ಟರರು ಚೀಟಿಯಲ್ಲಿ ಅಸ್ತಮಾ ಎಂದೇ ಬರೆಯುತ್ತಿದ್ದಾರೆ. ಬೆಳಿಗ್ಗೆ ಮತ್ತು ರಾತ್ರಿ ಉಬ್ಬಸ ಬಾರದಂತೆ ತಡೆಯುವ ಬುಡೆಸೊನೈಡ್ ಪಂಪ್ (ಇನ್‌ಹೇಲರನ್ನೇ ನಾವು ಪಂಪ್ ಎನ್ನುವುದು), ಉಸಿರು ಕಟ್ಟಿದಾಗ ಸಾಲ್ಬುಟಮಾಲ್ ಪಂಪ್, ಎರಡೂ ಸ್ಪೇಸರ್ ಮೂಲಕ, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆಯ ಮೂಲಕ. ಮನೆಯಲ್ಲಿ ಇದೇನೂ ಕಷ್ಟವಿಲ್ಲ. ತೊಂದರೆ ಇರುವುದು ಶಾಲೆಯಲ್ಲಿ.

ಅಲ್ಲಿನ ನಿಯಮದಂತೆ ಯಾವ ಔಷಧವೂ ಮಗುವಿನ ಬ್ಯಾಗಿನಲ್ಲಿ ಇರಬಾರದು. ಎಲ್ಲವನ್ನೂ ಆಫೀಸಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕುತ್ತಾರೆ, ಬೀಗದ ಕೈ ಗುಮಾಸ್ತರ ಬಳಿ. ಅವಳ ತರಗತಿ ಎರಡನೇ ಮಹಡಿಯಲ್ಲಿ. ಕಳೆದ ವಾರ ಮಳೆ ಬಿಟ್ಟ ಹೊತ್ತಿನಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದರು. ಮೇಲೆ ಬಂದವಳಿಗೆ ಕೆಮ್ಮು ನಿಲ್ಲಲಿಲ್ಲ. ಟೀಚರ್ ಇನ್ನೊಂದು ಮಗುವನ್ನು ಆಫೀಸಿಗೆ ಓಡಿಸಿದರು. ಗುಮಾಸ್ತರು ಬ್ಯಾಂಕಿಗೆ ಹೋಗಿದ್ದರು. ಅವರು ಬರುವವರೆಗೆ ನನ್ನ ಮಗಳು ಬೆಂಚಿನ ಮೇಲೆ ಎರಡೂ ಕೈ ಊರಿ, ಭುಜ ಎತ್ತಿಕೊಂಡು ಉಸಿರೆಳೆಯುತ್ತಾ ಕುಳಿತಿದ್ದಳಂತೆ. ಪಂಪ್ ಸಿಕ್ಕಿದ ಮೇಲೆ ಸರಿಯಾಯಿತು. ಆದರೆ ಅದು ಇನ್ನಷ್ಟು ಹೊತ್ತು ಸಿಗದೇ ಹೋಗಿದ್ದರೆ ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಶಾಲೆಯವರು ಕೆಟ್ಟವರಲ್ಲ. ಟೀಚರ್ ಅಂದು ಸಂಜೆ ತಾವಾಗಿಯೇ ಫೋನ್ ಮಾಡಿದರು. ಹಾಗಾಗಿ ಜಗಳ ಮಾಡುವ ಮನಸ್ಸಿಲ್ಲ, ನಿಯಮ ಬದಲಾಗಬೇಕು ಅಷ್ಟೇ. ನಿಮ್ಮ ಮಕ್ಕಳ ಶಾಲೆಗಳಲ್ಲಿ ಹೇಗೆ ಮಾಡಿದ್ದೀರಿ? ಏನು ಬರೆದುಕೊಟ್ಟರೆ ಅವರು ಒಪ್ಪುತ್ತಾರೆ?

ಸುರತ್ಕಲ್‌ನ ತಂದೆ

ಅಕ್ಕ, ನಾವೂ ಇದೇ ದಾರಿಯಲ್ಲಿ ನಡೆದು ಬಂದವರು. ಮಗ ಈಗ ಎಂಟನೇ ತರಗತಿ. ನನ್ನ ಅನುಭವದಲ್ಲಿ ‘ದಯವಿಟ್ಟು ಅನುಮತಿ ಕೊಡಿ’ ಎಂದು ಕೇಳಿದರೆ ಶಾಲೆಯವರಿಗೆ ‘ಆಗುವುದಿಲ್ಲ’ ಎನ್ನುವುದು ಸುಲಭ. ಡಾಕ್ಟರರ ಸಹಿ ಇರುವ ಒಂದು ಹಾಳೆ ಮೇಜಿನ ಮೇಲೆ ಬಿದ್ದರೆ ಮಾತೇ ಬೇರೆಯಾಗುತ್ತದೆ. ಅದರಲ್ಲಿ ಮಗುವಿನ ಫೋಟೋ, ಔಷಧದ ಹೆಸರು, ಎಷ್ಟು ಪಫ್ (ಪಂಪನ್ನು ಒಮ್ಮೆ ಒತ್ತಿದರೆ ಒಂದು ಪಫ್), ಯಾವಾಗ ಕೊಡಬೇಕು, ಕೊಟ್ಟ ಮೇಲೂ ಸರಿಹೋಗದಿದ್ದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಇರಲಿ. ಇಂಗ್ಲಿಷಿನಲ್ಲಿ ಗೀಚಿದ ಚೀಟಿಯನ್ನು ಗಾಬರಿಯ ಹೊತ್ತಿನಲ್ಲಿ ಆಯಾ ಓದಲಾರರು.

ಎರಡನೆಯದಾಗಿ, ಒಂದರ ಬದಲು ಎರಡು ಪಂಪ್ ತೆಗೆದುಕೊಳ್ಳಿ. ಒಂದು ಅವಳ ಬ್ಯಾಗಿನ ಎದುರು ಜೇಬಿನಲ್ಲಿ, ಇನ್ನೊಂದು ಶಾಲೆಯಲ್ಲೇ, ಬೀಗವಿಲ್ಲದ ಜಾಗದಲ್ಲಿ. ಮನೆಯದ್ದು ಬೇರೆ. ಖರ್ಚು ಹೆಚ್ಚು ಎನಿಸಬಹುದು, ಆದರೆ ಒಂದೇ ಪಂಪ್ ದಿನವೂ ಮನೆಗೂ ಶಾಲೆಗೂ ಓಡಾಡುತ್ತಿದ್ದರೆ ಬೇಕಾದ ದಿನವೇ ಅದು ಊಟದ ಮೇಜಿನ ಮೇಲೆ ಉಳಿದಿರುತ್ತದೆ.

ಕಾವೂರಿನ ತಂದೆ

ನನ್ನ ಮಕ್ಕಳಿಗೆ ಅಸ್ತಮಾ ಇಲ್ಲ, ಆದರೂ ಒಂದು ಮಾತು ಹೇಳಬೇಕು ಎನಿಸಿತು. ಶಾಲೆಯ ನಿಯಮದಲ್ಲಿ ಅರ್ಥವಿಲ್ಲ ಎನ್ನಲಾಗದು. ಏಳು ವರ್ಷದ ಮಕ್ಕಳ ಕೈಗೆ ಔಷಧ ಸಿಕ್ಕಿದರೆ ಅದು ಆಟದ ಸಾಮಾನಾಗುತ್ತದೆ. ಒಬ್ಬ ಒತ್ತುತ್ತಾನೆ, ಇನ್ನೊಬ್ಬ ಬಾಯಿಗಿಡುತ್ತಾನೆ. ನಾಳೆ ನನ್ನ ಮಗ ಅದನ್ನು ಎಳೆದುಕೊಂಡರೆ ಉತ್ತರ ಕೊಡುವವರು ಯಾರು? ಕಪಾಟಿನಲ್ಲೇ ಇರಲಿ, ಕೀಲಿ ಇಬ್ಬರ ಬಳಿ ಇರಲಿ. ಅಷ್ಟು ಸಾಲದೇ?

ಮಕ್ಕಳ ವೈದ್ಯೆ, ಉಡುಪಿ

ಕಾವೂರಿನವರ ಆತಂಕಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಶಾಲೆಗಳೂ ಇದನ್ನೇ ಕೇಳುತ್ತವೆ. ಸಾಲ್ಬುಟಮಾಲ್ ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುವ ಔಷಧ. ಸಾಮಾನ್ಯವಾಗಿ ಸಿಗುವ ಪಂಪಿನಲ್ಲಿ ಒಂದು ಪಫ್ ಎಂದರೆ 100 ಮೈಕ್ರೋಗ್ರಾಂ. ಆರೋಗ್ಯವಂತ ಮಗು ಒಂದೆರಡು ಪಫ್ ಎಳೆದುಕೊಂಡರೆ ಎದೆ ಸ್ವಲ್ಪ ಹೊತ್ತು ಜೋರಾಗಿ ಬಡಿಯಬಹುದು, ಕೈ ನಡುಗಬಹುದು, ಆಮೇಲೆ ತಾನಾಗಿ ಇಳಿಯುತ್ತದೆ. ಮನೆಗೆ ಹೇಳಬೇಕು, ಬುದ್ಧಿ ಹೇಳಬೇಕು, ನಿಜ. ಆದರೆ ಉಬ್ಬಸ ಏರುತ್ತಿರುವ ಮಗುವಿಗೆ ಪಂಪ್ ತಡವಾಗಿ ಸಿಕ್ಕುವುದರ ಎದುರು ಈ ಅಪಾಯ ಏನೇನೂ ಅಲ್ಲ. ಎರಡನ್ನೂ ತಕ್ಕಡಿಗೆ ಹಾಕಿ ನೋಡಿ, ಎಲ್ಲಿ ತೂಗುತ್ತದೆ ಎಂದು ಗೊತ್ತಾಗುತ್ತದೆ.

ಇಂಗ್ಲೆಂಡಿನಲ್ಲಿ 2014ರ ಅಕ್ಟೋಬರಿನಿಂದ ಶಾಲೆಗಳು ವೈದ್ಯರ ಚೀಟಿಯಿಲ್ಲದೆಯೇ ಸಾಲ್ಬುಟಮಾಲ್ ಪಂಪ್ ಖರೀದಿಸಿ ತುರ್ತಿಗೆಂದು ಇಟ್ಟುಕೊಳ್ಳಲು ಕಾನೂನಿನ ಅವಕಾಶವಿದೆ. ಅಸ್ತಮಾ ಇದೆ ಎಂದು ಗೊತ್ತಿರುವ, ಪೋಷಕರು ಒಪ್ಪಿಗೆ ಕೊಟ್ಟಿರುವ ಮಕ್ಕಳಿಗೆ, ಅವರ ಸ್ವಂತ ಪಂಪ್ ಸಿಗದಾಗ ಅದನ್ನು ಬಳಸುತ್ತಾರೆ. ಬೀಗ ಹಾಕಿಡುವ ಔಷಧ ಇದಲ್ಲ ಎಂದು ನಾನು ಪೋಷಕರ ಸಭೆಗಳಲ್ಲಿ ಹೇಳುತ್ತಲೇ ಇರುತ್ತೇನೆ.

ಈಗ ತುರ್ತಿನ ಮಾತು. ನಿಮ್ಮ ಮಗುವಿನ ಡಾಕ್ಟರರು ಬರೆದುಕೊಟ್ಟ ಪ್ರಮಾಣವನ್ನೇ ಪಾಲಿಸಿ. ಬೇರೆ ಏನೂ ಗೊತ್ತಿಲ್ಲದ ಟೀಚರಿಗೆ ನಾನು ಕಲಿಸುವುದು ನಾಲ್ಕರ ಲೆಕ್ಕ. ಮಗುವನ್ನು ನೇರವಾಗಿ ಕೂರಿಸಿ, ಮಲಗಿಸಬೇಡಿ. ಪಂಪ್ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ, ಒಂದು ಪಫ್ ಒತ್ತಿ, ಮಗು ಅದರಿಂದ ನಾಲ್ಕು ಸಲ ಉಸಿರಾಡಲಿ. ಮತ್ತೆ ಕುಲುಕಿ, ಮತ್ತೆ ಒಂದು. ಹೀಗೆ ಒಟ್ಟು ನಾಲ್ಕು ಪಫ್. ನಾಲ್ಕು ಪಫ್‌ಗಳನ್ನು ಒಮ್ಮೆಗೇ ಸ್ಪೇಸರಿಗೆ ತುಂಬಬೇಡಿ, ಔಷಧ ಸ್ಪೇಸರಿನ ಗೋಡೆಗೇ ಅಂಟಿ ವ್ಯರ್ಥವಾಗುತ್ತದೆ. ನಾಲ್ಕು ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಇನ್ನೊಮ್ಮೆ ನಾಲ್ಕು ಪಫ್. ಆಗಲೂ ಸುಧಾರಿಸದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಪಫ್ ಕೊಡುತ್ತಲೇ ಇರಿ.

ಕೆಲವು ಲಕ್ಷಣ ಕಂಡರೆ ಕಾಯುವ ಮಾತೇ ಇಲ್ಲ, ಒಬ್ಬರು ಪಂಪ್ ಕೊಡುತ್ತಿದ್ದಂತೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಪಕ್ಕೆಲುಬಿನ ನಡುವೆ ಮತ್ತು ಕೊರಳ ಬುಡದಲ್ಲಿ ಚರ್ಮ ಒಳಕ್ಕೆ ಎಳೆದುಕೊಳ್ಳುವುದು, ತುಟಿ ನೀಲಿಗಟ್ಟುವುದು, ಮಂಪರು. ಇನ್ನೊಂದು ವಿಷಯ ಎಲ್ಲರೂ ಮರೆಯುವಂಥದ್ದು. ಸುಯ್ ಎನ್ನುವ ಶಬ್ದ ನಿಂತಿತು, ಗುಣವಾಯಿತು ಎಂದುಕೊಳ್ಳಬೇಡಿ. ತೀರಾ ಹೆಚ್ಚಾದಾಗ ಗಾಳಿಯೇ ಓಡಾಡದೆ ಶಬ್ದ ನಿಲ್ಲುತ್ತದೆ. ಮಗುವಿನ ಮುಖ ನೋಡಿ, ಮಾತಾಡಿಸಿ.

ಬಿಜೈಯ ತಾಯಿ

ಡಾಕ್ಟರಮ್ಮ, ತುಂಬಾ ಉಪಕಾರವಾಯಿತು. ಇನ್ನೊಂದು ಪ್ರಶ್ನೆ. ಏಳು ವರ್ಷದವಳು ತಾನೇ ತೆಗೆದುಕೊಳ್ಳಬಲ್ಲಳೇ? ಮನೆಯಲ್ಲಿ ನಾನು ಒತ್ತುತ್ತೇನೆ, ಅವಳು ಉಸಿರಾಡುತ್ತಾಳೆ. ಸ್ಪೇಸರಿನ ಮಾಸ್ಕ್ ಬಿಟ್ಟು ಈಗ ಅದರ ತುದಿಯನ್ನು ಬಾಯಲ್ಲಿಟ್ಟುಕೊಂಡೇ ಎಳೆದುಕೊಳ್ಳುತ್ತಾಳೆ.

ಮಕ್ಕಳ ವೈದ್ಯೆ, ಉಡುಪಿ

ಒತ್ತುವುದನ್ನೂ ಕಲಿಸಿ, ಆದರೆ ಅವಳ ಮೇಲೇ ಬಿಡಬೇಡಿ. ಈ ವಯಸ್ಸಿನಲ್ಲಿ ‘ನನಗೆ ಪಂಪ್ ಬೇಕು’ ಎಂದು ಹೇಳಲು ಕಲಿತರೆ ಅರ್ಧ ಕೆಲಸ ಆದಂತೆ. ಪಕ್ಕದಲ್ಲಿ ದೊಡ್ಡವರೊಬ್ಬರು ಇದ್ದು ನೋಡಬೇಕು. ಹತ್ತು ಹನ್ನೆರಡರ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವೇ ಸರಿಯಾಗಿ ತೆಗೆದುಕೊಳ್ಳುತ್ತಾರೆ. ಸ್ಪೇಸರ್ ಮಾತ್ರ ಆಗಲೂ ಬಿಡಬೇಡಿ. ನೇರವಾಗಿ ಬಾಯಿಗೆ ಒತ್ತಿಕೊಂಡರೆ ಬಹುಪಾಲು ಔಷಧ ಗಂಟಲಿಗೇ ಅಂಟುತ್ತದೆ, ಎದೆಗೆ ಇಳಿಯುವುದು ಕಡಿಮೆ. ಹೆಚ್ಚಿನ ಸಂದರ್ಭಗಳಲ್ಲಿ ಸ್ಪೇಸರ್ ಮತ್ತು ಪಂಪ್ ಸೇರಿ, ಔಷಧವನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತವೆ. ಶಾಲೆಗೆ ನೆಬ್ಯುಲೈಸರ್ ಯಂತ್ರ ಬೇಕೆಂದು ಯಾರೂ ಒತ್ತಾಯಿಸಬೇಕಿಲ್ಲ.

ಬ್ರಹ್ಮಾವರ ಕಡೆಯ ಟೀಚರ್

ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ.

ಪಂಪ್ ಕೊಡಲು ನಮಗೆ ಮನಸ್ಸಿಲ್ಲದೆ ಅಲ್ಲ, ಭಯ. ಕೊಟ್ಟ ಮೇಲೆ ಏನಾದರೂ ಆದರೆ ‘ಟೀಚರ್ ಏನೋ ಔಷಧ ಕೊಟ್ಟರು’ ಎಂಬ ಮಾತು ಊರಿಡೀ ಹಬ್ಬುತ್ತದೆ. ಆ ಭಯ ಹೋಗಬೇಕಾದರೆ ಡಾಕ್ಟರರ ಹಾಳೆ, ಪೋಷಕರ ಒಪ್ಪಿಗೆ ಪತ್ರ ಎರಡೂ ಬೇಕು. ಅದರ ಜೊತೆಗೆ ಒಮ್ಮೆ ಎದುರು ಕೂತು ತೋರಿಸಿಕೊಡುವವರು ಬೇಕು. ನಮ್ಮಲ್ಲಿ ಒಬ್ಬ ಹುಡುಗನ ತಾಯಿ ಸ್ಟಾಫ್ ರೂಮಿಗೆ ಬಂದು ಮೇಜಿನ ಮೇಲೆ ಸ್ಪೇಸರ್ ಇಟ್ಟು ಎರಡು ತುಂಡು ಜೋಡಿಸುವುದು, ಪಂಪನ್ನು ಹಿಂದಿನ ತೂತಿಗೆ ಸಿಕ್ಕಿಸುವುದು, ಮಗು ಉಸಿರೆಳೆದಾಗ ಒಳಗಿನ ತೆಳು ವಾಲ್ವ್ ಟಪ್ ಟಪ್ ಎಂದು ಏಳುವುದು, ಎಲ್ಲವನ್ನೂ ತೋರಿಸಿದರು. ವಾಲ್ವ್ ಏಳದಿದ್ದರೆ ಮಗು ಎಳೆಯುತ್ತಿಲ್ಲ, ತುಟಿ ಬಿಗಿಯಾಗಿಲ್ಲ ಎಂದು ಅರ್ಥವಂತೆ. ಆಮೇಲೆ ಪ್ರತಿಯೊಬ್ಬರ ಕೈಗೂ ಕೊಟ್ಟು ಜೋಡಿಸಲು ಹೇಳಿದರು. ಅಂದಿನಿಂದ ನಮ್ಮಲ್ಲಿ ಯಾರೂ ಆ ಪಂಪಿಗೆ ಹೆದರಿಲ್ಲ. ಬಿಜೈಯ ತಾಯಿಯವರೇ, ಪತ್ರ ಕೊಡುವ ದಿನ ಸ್ಪೇಸರನ್ನೂ ಹಿಡಿದುಕೊಂಡು ಹೋಗಿ. ತರಗತಿಯ ಟೀಚರಿಗೆ ಮಾತ್ರ ತೋರಿಸಿ ಬರಬೇಡಿ, ಅವರು ರಜೆ ಹಾಕಿದ ದಿನ ಬರುವವರಿಗೆ ಏನೂ ಗೊತ್ತಿರುವುದಿಲ್ಲ. ಆಯಾ ಇದ್ದಾರಲ್ಲ, ಅವರಿಗೆ ಕಡ್ಡಾಯವಾಗಿ ತೋರಿಸಿ. ಮಕ್ಕಳನ್ನು ದಿನವಿಡೀ ನೋಡುವವರು ಅವರೇ.

ತರಗತಿಯಲ್ಲಿ ನಾವು ಮಾಡಬಹುದಾದದ್ದೂ ಬಹಳ ಇದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಎರಡು ತಿಂಗಳು ಮುಚ್ಚಿದ್ದ ಕೋಣೆಯ ಧೂಳನ್ನು ಮಕ್ಕಳ ಕೈಯಲ್ಲಿ ಗುಡಿಸಿಸುವ ಅಭ್ಯಾಸ ಬಿಡಬೇಕು. ನಮ್ಮ ಮಳೆಗಾಲದಲ್ಲಿ ಪಡುವಣ ಗೋಡೆಗೆ ಬೂಷ್ಟು ಬರದ ಶಾಲೆಯೇ ಇಲ್ಲ, ಅಸ್ತಮಾ ಇರುವ ಮಗುವನ್ನು ಆ ಗೋಡೆಯ ಪಕ್ಕದ ಬೆಂಚಿನಿಂದ ಎಬ್ಬಿಸಿ ಕಿಟಕಿಯ ಬಳಿ ಕೂರಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಒದ್ದೆ ರೈನ್‌ಕೋಟುಗಳನ್ನು ತರಗತಿಯ ಒಳಗೆ ಒಣಹಾಕದೆ ಜಗಲಿಯಲ್ಲಿ ಹಗ್ಗ ಕಟ್ಟಿ ನೇತುಹಾಕಿ. ಸೊಳ್ಳೆಯೆಂದು ಬೆಂಚಿನ ಕೆಳಗೆ ಸೊಳ್ಳೆಬತ್ತಿ ಹಚ್ಚಬೇಡಿ. ಚಳಿಗಾಲದಲ್ಲಿ ಅಂಗಳದ ತರಗೆಲೆಗೆ ಬೆಂಕಿ ಕೊಡುವುದನ್ನು ನಮ್ಮ ಶಾಲೆಯಲ್ಲಿ ಪೂರ್ತಿ ನಿಲ್ಲಿಸಿದ್ದೇವೆ, ತೆಂಗಿನ ಬುಡಕ್ಕೆ ಹಾಕುತ್ತೇವೆ.

ವರ್ಷಕ್ಕೊಮ್ಮೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುತ್ತದೆ. 2013ರಲ್ಲಿ ಆರಂಭವಾದ ಈ ತಪಾಸಣೆಯ ಪಟ್ಟಿಯಲ್ಲಿ ಹಲ್ಲು, ಕಣ್ಣು, ಚರ್ಮದ ಜೊತೆಗೆ ಮಕ್ಕಳ ಉಬ್ಬಸವೂ ಇದೆ. ತಂಡ ಬರುವ ದಿನ ರಾತ್ರಿ ಕೆಮ್ಮುವ, ಓಡಿದರೆ ಕೆಮ್ಮುವ ಮಕ್ಕಳ ಹೆಸರನ್ನು ಮೊದಲೇ ಬರೆದಿಟ್ಟು ಕೊಡಿ ಎಂದು ಎಲ್ಲ ಟೀಚರುಗಳಲ್ಲಿ ಕೇಳಿಕೊಳ್ಳುತ್ತೇನೆ. ಆ ದಿನ ಕೆಮ್ಮದ ಮಗು ತಪಾಸಣೆಯಲ್ಲಿ ತಪ್ಪಿಹೋಗುತ್ತದೆ. ವಿಶ್ವ ಅಸ್ತಮಾ ದಿನ ಮೇ ತಿಂಗಳ ಮೊದಲ ಮಂಗಳವಾರ, ನಮ್ಮ ಮಕ್ಕಳಿಗೆ ಆಗ ಬೇಸಿಗೆ ರಜೆ. ಹಾಗಾಗಿ ನಾನು ಜೂನ್‌ನ ಮೊದಲ ಪೋಷಕರ ಸಭೆಯಲ್ಲೇ ಈ ವಿಷಯ ಎತ್ತುತ್ತೇನೆ.

ಕುಂದಾಪುರದ ಅಜ್ಜಿ

ಪಂಪ್ ಒಮ್ಮೆ ಹಿಡಿದರೆ ಬಿಡಲಾಗದು ಎಂದು ನಮ್ಮಲ್ಲಿ ಹೇಳುತ್ತಾರೆ. ಮೊಮ್ಮಗನಿಗೆ ನಾನು ಸಾಂಬ್ರಾಣಿ ಸೊಪ್ಪಿನ (ದೊಡ್ಡಪತ್ರೆಯ) ರಸಕ್ಕೆ ಜೇನು ಸೇರಿಸಿ ಕೊಡುತ್ತೇನೆ, ಕಫ ಕರಗುತ್ತದೆ. ಅವನ ತಾಯಿ ಶಾಲೆಗೆ ಪಂಪ್ ಕಳುಹಿಸುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಇಷ್ಟು ಚಿಕ್ಕ ಪ್ರಾಯಕ್ಕೆ ಅದು ಬೇಕೇ?

ಮಕ್ಕಳ ವೈದ್ಯೆ, ಉಡುಪಿ

ಅಮ್ಮಾ, ಸಾಂಬ್ರಾಣಿ ರಸ ಕೊಡಿ, ನಾನು ಬೇಡವೆನ್ನುವುದಿಲ್ಲ. ಶೀತವಾದಾಗ ಗಂಟಲಿಗೆ ಹಿತ. ಆದರೆ ಉಬ್ಬಸ ಬಂದಾಗ ಶ್ವಾಸನಾಳ ಬಿಗಿದುಕೊಂಡಿರುತ್ತದೆ, ರಸಕ್ಕೆ ಅದನ್ನು ಸಡಿಲಿಸಲಾಗದು. ಪಂಪಿನ ಔಷಧ ನೇರ ಎದೆಗೆ ಹೋಗುವುದರಿಂದ ಬಹಳ ಕಡಿಮೆ ಪ್ರಮಾಣ ಸಾಕು, ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. ಸಿರಪ್ಪಿನಲ್ಲಿ ಅದೇ ಔಷಧವನ್ನು ಎಷ್ಟೋ ಪಾಲು ಹೆಚ್ಚು ಕುಡಿಸಬೇಕಾಗುತ್ತದೆ, ಅದರಿಂದಲೇ ಕೈ ನಡುಕ ಹೆಚ್ಚು. ಪಂಪ್ ಚಟವಾಗುವುದಿಲ್ಲ. ಬಹಳ ಮಕ್ಕಳಿಗೆ ದೊಡ್ಡವರಾಗುತ್ತಾ ಉಬ್ಬಸ ಕಡಿಮೆಯಾಗುತ್ತದೆ, ಆಗ ಡಾಕ್ಟರರೇ ಔಷಧ ಇಳಿಸುತ್ತಾರೆ. ನಿಮ್ಮ ಸೊಸೆ ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ಶಾಲೆಗೆ ಹೊರಡುವಾಗ ಚೀಲದಲ್ಲಿ ಪಂಪ್ ಇದೆಯೇ ಎಂದು ನೋಡುವ ಕೆಲಸ ನೀವು ವಹಿಸಿಕೊಂಡರೆ ಅವರಿಗೂ ಧೈರ್ಯ.

ಔಷಧದಂಗಡಿ, ಕಂಕನಾಡಿ

ಅಂಗಡಿಯ ಮೇಜಿನ ಈಚೆ ನಿಂತು ನೋಡಿದ ಕೆಲವು ವಿಷಯಗಳನ್ನು ಹೇಳುತ್ತೇನೆ.

ಬಣ್ಣ ನಂಬಬೇಡಿ, ಹೆಸರು ಓದಿ. ‘ನೀಲಿ ಪಂಪ್ ಕೊಡಿ’ ಎಂದು ಕೇಳುತ್ತಾರೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಉಬ್ಬಸ ಬಂದಾಗ ಕೊಡುವ ಪಂಪ್ ಬೇರೆ, ಬಾರದಂತೆ ತಡೆಯಲು ದಿನವೂ ತೆಗೆದುಕೊಳ್ಳುವ ಪಂಪ್ ಬೇರೆ. ಬುಡೆಸೊನೈಡ್ ಒಂದೇ ಇರುವ ಪಂಪನ್ನು ಶಾಲೆಗೆ ಕಳುಹಿಸಿದರೆ ತುರ್ತಿಗೆ ಅದು ಉಪಯೋಗವಿಲ್ಲ. ಶಾಲೆಯ ಪಂಪಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ‘ಉಬ್ಬಸ ಬಂದಾಗ ಇದು’ ಎಂದು ಬರೆಯಿರಿ.

ಪಂಪ್ ಖಾಲಿಯಾಗಿದೆಯೇ ಎಂದು ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ಇದೆ. ಅದು ಸರಿಯಲ್ಲ. ಔಷಧ ಮುಗಿದ ಮೇಲೂ ಒಳಗಿನ ಅನಿಲ ಉಳಿದು ಪುಸ್ ಎಂದು ಶಬ್ದ ಬರುತ್ತಲೇ ಇರುತ್ತದೆ. ಎಣಿಕೆ ತೋರಿಸುವ ಪಂಪ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಎಷ್ಟು ಪಫ್ ಎಂದು ಬರೆದಿರುತ್ತದೆ, ಹೆಚ್ಚಿನ ಸಾಲ್ಬುಟಮಾಲ್ ಪಂಪುಗಳಲ್ಲಿ 200. ಶಾಲೆಯಲ್ಲಿ ಕೊಟ್ಟಾಗಲೆಲ್ಲ ಟೀಚರ್ ಡೈರಿಯಲ್ಲಿ ಒಂದು ಗೆರೆ ಎಳೆದರೆ ಲೆಕ್ಕ ಸಿಗುತ್ತದೆ.

ಬಹಳ ದಿನ ಬಳಸದೆ ಬಿದ್ದಿದ್ದ ಪಂಪಿನ ಮೊದಲ ಒಂದೆರಡು ಪಫ್‌ಗಳನ್ನು ಗಾಳಿಗೆ ಬಿಟ್ಟು ಆಮೇಲೆ ಕೊಡಬೇಕು. ಶಾಲೆಯ ಪಂಪ್ ಸಾಮಾನ್ಯವಾಗಿ ಹೀಗೆ ಬಿದ್ದಿರುವಂಥದ್ದೇ. ಮುಚ್ಚಳ ಹಾಕದೆ ಬ್ಯಾಗಿಗೆ ತುರುಕಿದರೆ ಪೆನ್ಸಿಲ್ ಸಿಪ್ಪೆ, ಗುಂಡಿ, ನಾಣ್ಯ ಒಳಗೆ ಸೇರುತ್ತವೆ, ಒತ್ತಿದಾಗ ಅದೇ ಗಂಟಲಿಗೆ ಹಾರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರು, ವ್ಯಾನಿನ ಡ್ಯಾಶ್‌ಬೋರ್ಡ್‌ನಲ್ಲಿ ಇಡಲೇಬೇಡಿ, ಏಪ್ರಿಲ್ ಸೆಕೆಯಲ್ಲಿ ಡಬ್ಬಿ ಸಿಡಿಯುವಷ್ಟು ಕಾಯಬಹುದು. ಕ್ಯಾಪ್ಸೂಲ್ ಹಾಕಿ ಎಳೆದುಕೊಳ್ಳುವ ಪುಡಿಯ ಪಂಪನ್ನು ಚಿಕ್ಕ ಮಕ್ಕಳ ತುರ್ತಿಗೆ ಕಳುಹಿಸಬೇಡಿ. ಅದನ್ನು ಜೋರಾಗಿ ಎಳೆಯಬೇಕು, ಉಬ್ಬಸ ಬಂದ ಮಗುವಿಗೆ ಆ ಬಲ ಇರುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದ ಪಸೆಗೆ ಆ ಪುಡಿಯೂ ಗಂಟುಕಟ್ಟುತ್ತದೆ.

ಬೆಲೆಯ ಚಿಂತೆ ಇರುವವರಿಗೆ ಒಂದು ಮಾತು. ಸಾಲ್ಬುಟಮಾಲ್ ಪಂಪ್ ಕೇಂದ್ರ ಸರಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಅದರ ಬೆಲೆಗೆ ಮಿತಿ ಇದೆ. ಶಾಲೆಗೊಂದು ಹೆಚ್ಚು ಕೊಳ್ಳುವುದು ನೀವು ಅಂದುಕೊಂಡಷ್ಟು ಭಾರವಾಗದು. ಸ್ಪೇಸರ್ ಒಮ್ಮೆ ಕೊಂಡರೆ ಬಹಳ ಕಾಲ ಬಾಳುತ್ತದೆ.

ಬ್ರಹ್ಮಾವರ ಕಡೆಯ ಟೀಚರ್

ಸ್ಪೇಸರ್ ಕೊಳ್ಳಲಾಗದ ಮನೆಗಳೂ ನಮ್ಮಲ್ಲಿವೆ ಅಣ್ಣ. ಅಂಥ ಮಕ್ಕಳಿಗೆ ಶಾಲೆಯಲ್ಲಿ ಏನಾದರೂ ದಾರಿ ಇದೆಯೇ?

ಮಕ್ಕಳ ವೈದ್ಯೆ, ಉಡುಪಿ

ಇದೆ. 500 ಮಿಲಿ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿಯ ಆಕಾರಕ್ಕೆ ಸರಿಯಾಗಿ ತೂತು ಮಾಡಿ, ಪಂಪ್ ಸಿಕ್ಕಿಸಿ, ಸಂದಿಯನ್ನು ಗಾಳಿ ಸೋರದಂತೆ ಮುಚ್ಚಬೇಕು. ಬಾಟಲಿಯ ಬಾಯಿಯಿಂದ ಮಗು ಉಸಿರಾಡುತ್ತದೆ. ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯರು ಇದನ್ನು ಅಂಗಡಿಯ ಸ್ಪೇಸರಿನ ಜೊತೆ ಹೋಲಿಸಿ 1999ರಲ್ಲಿ ಪ್ರಕಟಿಸಿದರು. ಸಂದಿ ಮುಚ್ಚಿದ ಬಾಟಲಿ ಅಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಸಂದಿ ಸೋರುವ, ಸುಮ್ಮನೆ ಸುತ್ತಿದ ಕಾಗದದ ಲೋಟ ಅದಕ್ಕೆ ಸಮನಲ್ಲ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಒಮ್ಮೆ ಮಾಡಿಸಿಕೊಂಡು ಕಲಿಯಿರಿ. ಮಂಗಳೂರಿನವರಿಗೆ ಸರಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಕೇಂದ್ರವಿದೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದೆ.

ಪಿ.ಟಿ. ಮಾಸ್ಟರ್, ಕಾರ್ಕಳ

ಆಟದ ವಿಷಯದಲ್ಲಿ ಒಂದು ಮನವಿ. ಅಸ್ತಮಾ ಇದೆ ಎಂದ ಕೂಡಲೇ ಮಗುವನ್ನು ಬದಿಗೆ ಕೂರಿಸಿ ಅಂಕ ಬರೆಯುವ ಕೆಲಸ ಕೊಡುವುದು ನಮ್ಮಲ್ಲಿ ರೂಢಿ. ಅದು ಬೇಡ. ಹತ್ತು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಸಿ ಆಮೇಲೆ ಓಡಿಸಿದರೆ ಹೆಚ್ಚಿನ ಮಕ್ಕಳು ಚೆನ್ನಾಗಿ ಓಡುತ್ತಾರೆ. ಡಾಕ್ಟರರು ಬರೆದಿದ್ದರೆ ಆಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಪಫ್ ಕೊಡಬಹುದು. ಪಂಪ್ ಇರುವ ಚೀಲ ಮೈದಾನಕ್ಕೆ ಬರಬೇಕು. ಬ್ಯಾಗು ತರಗತಿಯಲ್ಲಿ, ಮಗು ಮೈದಾನದಲ್ಲಿ ಎಂದಾದರೆ ಪಂಪ್ ಬ್ಯಾಗಿನಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾನು ಸೀಟಿಯ ಜೊತೆಗೆ ಆ ಚೀಲವನ್ನೂ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಉಬ್ಬಸ ಬಂದ ಮಗುವನ್ನು ‘ಹೋಗಿ ನೀರು ಕುಡಿದು ಬಾ’ ಎಂದು ಒಬ್ಬನನ್ನೇ ಕಳುಹಿಸಲೇಬಾರದು.

ಮೂಡುಬಿದಿರೆಯ ಕಾಲೇಜು ವಿದ್ಯಾರ್ಥಿನಿ

ಇಲ್ಲಿ ಎಲ್ಲರೂ ದೊಡ್ಡವರ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಆ ಮಗುವಾಗಿದ್ದವಳು. ಹೈಸ್ಕೂಲಿನಲ್ಲಿ ಪಂಪ್ ನನ್ನ ಬಳಿಯೇ ಇತ್ತು, ಆದರೂ ತರಗತಿಯಲ್ಲಿ ತೆಗೆಯುತ್ತಿರಲಿಲ್ಲ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಎಳೆದುಕೊಳ್ಳುತ್ತಿದ್ದೆ. ಸ್ಪೇಸರ್ ದೊಡ್ಡದು, ಕಾಣುತ್ತದೆ ಎಂದು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. ಹುಡುಗಿಯರು ನೋಡಿದರೆ ‘ಇವಳಿಗೆ ದಮ್ಮು, ಅಂಟುತ್ತದೆ’ ಎನ್ನುತ್ತಾರೆ ಎಂಬ ನಾಚಿಕೆ. ಒಬ್ಬಳೇ ಬಾಗಿಲು ಹಾಕಿಕೊಂಡಾಗ ಬಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ದಿನ ವಿಜ್ಞಾನದ ಮೇಡಂ ಉಸಿರಾಟದ ಪಾಠ ಮಾಡುವಾಗ ನನ್ನನ್ನು ಮೊದಲೇ ಕೇಳಿ, ಒಪ್ಪಿಗೆ ಪಡೆದು, ಸ್ಪೇಸರನ್ನು ಎಲ್ಲರ ಕೈಗೂ ಕೊಟ್ಟರು. ಅಸ್ತಮಾ ಅಂಟುರೋಗವಲ್ಲ ಎಂದು ಹೇಳಿದರು. ಆಮೇಲೆ ನನ್ನ ಪಕ್ಕದ ಬೆಂಚಿನವಳೇ ‘ಕೆಮ್ಮುತ್ತಿದ್ದೀಯ, ತೆಗೆದುಕೋ’ ಎಂದು ನೆನಪಿಸುತ್ತಿದ್ದಳು. ಅಕ್ಕ, ನಿಮ್ಮ ಮಗಳಿಗೆ ಈಗಲೇ ಅವಳ ಗೆಳತಿಯರ ಎದುರು ಪಂಪ್ ತೆಗೆದುಕೊಳ್ಳುವ ಅಭ್ಯಾಸವಾಗಲಿ. ಏಳು ವರ್ಷಕ್ಕೆ ನಾಚಿಕೆ ಇರುವುದಿಲ್ಲ, ಹದಿಮೂರಕ್ಕೆ ಬಂದೇ ಬರುತ್ತದೆ.

ಕುಳಾಯಿಯ ವ್ಯಾನ್ ಚಾಲಕ

ಮಕ್ಕಳು ದಿನಕ್ಕೆ ಎರಡು ಹೊತ್ತು ನಮ್ಮ ವ್ಯಾನಿನಲ್ಲಿ ಕೂರುತ್ತಾರೆ ಮಾರಾಯರೇ, ಯಾವ ಮಗುವಿಗೆ ಏನಿದೆ ಎಂದು ನಮಗೆ ಯಾರೂ ಹೇಳುವುದಿಲ್ಲ. ಹೆದ್ದಾರಿಯಲ್ಲಿ ಲಾರಿಗಳ ಹೊಗೆ, ಮಳೆ ಬಂದರೆ ಗಾಜು ಪೂರ್ತಿ ಮುಚ್ಚಿರುತ್ತದೆ. ಒಂದು ಹಾಳೆ ನನಗೂ ಕೊಟ್ಟರೆ ವ್ಯಾನಿನಲ್ಲಿ ಅಂಟಿಸುತ್ತೇನೆ.

ಬಿಜೈಯ ತಾಯಿ

ಎಲ್ಲರಿಗೂ ಧನ್ಯವಾದ. ನಿನ್ನೆ ಮುಖ್ಯೋಪಾಧ್ಯಾಯಿನಿಯವರನ್ನು ಕಂಡು ಬಂದೆ. ಟೀಚರ್ ಹೇಳಿದಂತೆ ಸ್ಪೇಸರ್ ಹಿಡಿದುಕೊಂಡೇ ಹೋದೆ. ತರಗತಿಯ ಟೀಚರ್, ಪಿ.ಟಿ. ಟೀಚರ್, ಆಯಾ ಮೂವರನ್ನೂ ಕರೆಸಿದರು. ಆಯಾ ಎಲ್ಲರಿಗಿಂತ ಬೇಗ ಜೋಡಿಸಿ ತೋರಿಸಿದರು. ಇನ್ನು ಮೇಲೆ ಪಂಪ್ ಮತ್ತು ಸ್ಪೇಸರ್ ಒಂದು ಹಳದಿ ಚೀಲದಲ್ಲಿ ಮಗಳ ಜೊತೆಗೇ ಇರುತ್ತವೆ, ತರಗತಿಯಲ್ಲಿ ಟೀಚರ್ ಮೇಜಿನ ಮೊಳೆಗೆ ತೂಗುಹಾಕುತ್ತಾರೆ, ಮೈದಾನಕ್ಕೆ ಹೋದರೆ ಚೀಲವೂ ಹೋಗುತ್ತದೆ. ಎರಡನೆಯ ಪಂಪ್ ಆಫೀಸಿನಲ್ಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ, ಬೀಗವಿಲ್ಲದೆ. ಬೇರೆ ತಾಯಂದಿರಿಗೆ ಬೇಕಾಗಬಹುದು ಎಂದು ಪತ್ರವನ್ನು ಇಲ್ಲಿ ಹಾಕುತ್ತಿದ್ದೇನೆ. ಡಾಕ್ಟರರ ಹಾಳೆ ಇದರ ಜೊತೆ ಲಗತ್ತಿಸಿದೆ.

‘ಮಾನ್ಯರೇ, ನಮ್ಮ ಮಗಳಿಗೆ ಅಸ್ತಮಾ ಇದೆ. ಅವಳ ಸಾಲ್ಬುಟಮಾಲ್ ಇನ್‌ಹೇಲರ್ ಮತ್ತು ಸ್ಪೇಸರ್ ಹಳದಿ ಚೀಲದಲ್ಲಿವೆ. ಅವಳು ಎಲ್ಲಿದ್ದರೂ ಚೀಲ ಅಲ್ಲಿರಬೇಕು. ಅವಳು ಕೇಳಿದರೆ ತಡಮಾಡದೆ ಕೊಡಿ. ಅವಳು ಕೇಳದಿದ್ದರೂ ಬಿಡದ ಕೆಮ್ಮು, ಸುಯ್ ಎಂಬ ಶಬ್ದ, ಏದುಸಿರು, ಎದೆ ಬಿಗಿಯುತ್ತದೆ ಅಥವಾ ಹೊಟ್ಟೆ ನೋಯುತ್ತದೆ ಎಂಬ ಮಾತು ಕಂಡುಬಂದರೆ ಕೊಡಿ. ಪ್ರಮಾಣ ಲಗತ್ತಿಸಿದ ಹಾಳೆಯಲ್ಲಿದೆ. ಹಾಳೆಯಲ್ಲಿ ಹೇಳಿದಂತೆ ಔಷಧ ಕೊಡಲು ಶಾಲೆಯ ಎಲ್ಲ ಸಿಬ್ಬಂದಿಗೆ ನಮ್ಮ ಪೂರ್ಣ ಒಪ್ಪಿಗೆ ಇದೆ. ಸುಧಾರಿಸದಿದ್ದರೆ ಮೊದಲು 108, ಆಮೇಲೆ ನಮಗೆ ಕರೆ ಮಾಡಿ. ಕೊಟ್ಟ ದಿನ, ಹೊತ್ತು, ಎಷ್ಟು ಪಫ್ ಎಂದು ಡೈರಿಯಲ್ಲಿ ಬರೆಯಿರಿ.’

ಚಿಕ್ಕ ಮಕ್ಕಳು ಎದೆಯ ಬಿಗಿತವನ್ನು ಹೊಟ್ಟೆನೋವು ಎನ್ನುವುದುಂಟು ಎಂದು ನಮ್ಮ ಡಾಕ್ಟರರು ಹೇಳಿದ್ದರಿಂದ ಆ ಮಾತು ಸೇರಿಸಿದೆ.

ಮಕ್ಕಳ ವೈದ್ಯೆ, ಉಡುಪಿ

ಪತ್ರ ಚೆನ್ನಾಗಿದೆ. ‘ಮೊದಲು 108, ಆಮೇಲೆ ನಮಗೆ’ ಎಂದು ಬರೆದದ್ದು ಬಹಳ ಒಳ್ಳೆಯದು. ತಂದೆ ತಾಯಿ ಬರಲಿ ಎಂದು ಕಾಯುವುದರಲ್ಲೇ ಎಷ್ಟೋ ಹೊತ್ತು ಕಳೆಯುತ್ತದೆ. ಎರಡು ಸಾಲು ಸೇರಿಸಿ: ‘ಮಲಗಿಸಬೇಡಿ, ಒಬ್ಬಳನ್ನೇ ಎಲ್ಲಿಗೂ ಕಳುಹಿಸಬೇಡಿ.’ ಆ ಡೈರಿಯನ್ನು ವಾರಕ್ಕೊಮ್ಮೆ ನೋಡುತ್ತಿರಿ. ಆಟಕ್ಕೆ ಮುಂಚಿನದ್ದನ್ನು ಬಿಟ್ಟು, ಮನೆ ಮತ್ತು ಶಾಲೆ ಸೇರಿ ವಾರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ, ದಿನದ ಔಷಧವನ್ನು ಮತ್ತೆ ನೋಡಬೇಕು. ಮನೆಯ ಬುಡೆಸೊನೈಡ್ ತಪ್ಪದಿದ್ದರೆ ಶಾಲೆಯ ಚೀಲ ತೆರೆಯುವ ಸಂದರ್ಭವೇ ಕಡಿಮೆಯಾಗುತ್ತದೆ. ಮಕ್ಕಳಲ್ಲಿ ಉಬ್ಬಸ ಕೆರಳಿಸುವುದು ಹೆಚ್ಚಾಗಿ ಶೀತದ ವೈರಸ್, ಶಾಲೆ ತೆರೆದ ಮೊದಲ ತಿಂಗಳುಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವುದೂ ಅದೇ. ಮಳೆಗಾಲ ಬಂದಿದೆ, ಕಡಿಮೆಯಾಗಿದೆ ಎಂದು ಈಗ ನಿಲ್ಲಿಸಬೇಡಿ.

ಕಾವೂರಿನ ತಂದೆ

ಡಾಕ್ಟರರ ಮಾತು ಓದಿದ ಮೇಲೆ ನನ್ನ ಆಕ್ಷೇಪ ಉಳಿದಿಲ್ಲ. ಮುಂದಿನ ಪೋಷಕ ಶಿಕ್ಷಕ ಸಭೆಯಲ್ಲಿ ನಮ್ಮ ಶಾಲೆಗೂ ಒಂದು ಸ್ಪೇಸರ್ ಕೊಳ್ಳುವ ಪ್ರಸ್ತಾಪವನ್ನು ನಾನೇ ಇಡುತ್ತೇನೆ. ಆದರೆ ಹಲವು ಮಕ್ಕಳು ಒಂದೇ ಸ್ಪೇಸರ್ ಬಳಸಬಹುದೇ?

ಔಷಧದಂಗಡಿ, ಕಂಕನಾಡಿ

ಒಂದು ಮಗುವಿಗೆ ಒಂದು ಸ್ಪೇಸರ್ ಇರುವುದೇ ಒಳ್ಳೆಯದು. ಶಾಲೆಯದ್ದನ್ನು ಒಮ್ಮೆ ಬಳಸಿದರೆ ಅದನ್ನು ಆ ಮಗುವಿಗೇ ಕೊಟ್ಟು ಹೊಸದನ್ನು ತಂದಿಡಿ. ಬಿಜೈಯವರೇ, ನಿಮ್ಮ ಹಳದಿ ಚೀಲದ ಸ್ಪೇಸರನ್ನು ಶನಿವಾರ ಮನೆಗೆ ತರಿಸಿ, ಬಿಡಿಸಿ, ಪಾತ್ರೆ ತೊಳೆಯುವ ಸಾಬೂನಿನ ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧ ಒಳಗೋಡೆಗೆ ಅಂಟುತ್ತದೆ. ಮಳೆಗಾಲದಲ್ಲಿ ಒಣಗಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಭಾನುವಾರ ರಾತ್ರಿ ತೊಳೆಯಬೇಡಿ. ಎರಡೂ ಪಂಪುಗಳ ಅವಧಿ ಮುಗಿಯುವ ತಿಂಗಳನ್ನು ಚೀಲದ ಹೊರಗೆ ಬರೆದಿಡಿ.

ಬಿಜೈಯ ತಾಯಿ

ಎರಡು ಸಾಲು ಸೇರಿಸಿ ಹೊಸ ಪ್ರತಿ ತೆಗೆಸಿದ್ದೇನೆ. ಚೀಲದ ಮೇಲೆ ತಿಂಗಳು, ವರ್ಷ ಎರಡನ್ನೂ ಬರೆದಾಯಿತು. ಕುಳಾಯಿಯ ಅಣ್ಣ, ನಮ್ಮ ವ್ಯಾನಿನವರಿಗೆ ಒಂದು ಪ್ರತಿ ಸೋಮವಾರ ಕೊಡುತ್ತೇನೆ. ನಿಮ್ಮ ವ್ಯಾನಿನ ಮಕ್ಕಳ ಪೋಷಕರಿಗೂ ಈ ಪತ್ರವನ್ನು ಕಳುಹಿಸಿ, ಹೆಸರು ಮತ್ತು ಔಷಧ ಬದಲಿಸಿಕೊಂಡರೆ ಸಾಕು.